ಒಂದು ನಾಲ್ಕಾದ ಲೆಕ್ಕ

"ಇನ್ನೊಂದ್ಸಲ ಹೇಳು, ಚಿನ್ನ," ಎಂದ ವೆಂಡೆಲ್, ತಟ್ಟೆಯಲ್ಲಿ ಹರಡಿದ್ದ ಮೊಟ್ಟೆಯ ಹಳದಿಯನ್ನು ಬ್ರೆಡ್ಡಿನ ಅಂಚಿನಿಂದ ಒರೆಸಿ ಬಾಯಿಗಿಟ್ಟುಕೊಳ್ಳುತ್ತಾ. "ಮುನ್ನೂರು ಅನ್ನೋ ಹತ್ರ ಒಂಚೂರು ನಿಲ್ಲು. ನಿಂತು ಹೇಳು. ನಿಮ್ಮೂರ ರಾಗ ಬರ್ಲಿ."

ಬೆರಿಲ್ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ನಾನು ಹುಟ್ಟಿದ್ದು ಆಸ್ಟ್ರೇಲಿಯಾದ ಕುರಾಬಿನ್ ಜಿಲ್ಲೆಯಲ್ಲಿ. ಅಲ್ಲಿ ಸರ್ಕಾರ ಜನರ ಬಂದೂಕು ವಾಪಸು ತೆಗೆದುಕೊಂಡ ಮಾರನೆಯ ವರ್ಷ ಬಂದೂಕಿನ ಕೊಲೆ ಮುನ್ನೂರು ಪರ್ಸೆಂಟ್ ಏರಿತು. ಹೇಳುತ್ತಿದ್ದ ಹಾಗೆ ತವೆಯ ಮೇಲಿನ ಬೇಕನ್ ಅಂಚು ಮುದುರಿ ಕಪ್ಪಾಗುವುದನ್ನು ನೋಡುತ್ತಿದ್ದಳು. ಉರಿ ತಗ್ಗಿಸಬೇಕು ಅನ್ನಿಸಿತು, ಕೈ ಏಳಲಿಲ್ಲ. ಮೂವತ್ತು ವರ್ಷ ಅಮೆರಿಕದ ಈ ಮೆಕ್ಕೆಜೋಳದ ಸೀಮೆಯಲ್ಲಿ ಬದುಕಿ, ಇಲ್ಲಿಯವರ ಹಾಗೆ ಮೂಗಿನಲ್ಲಿ ಮಾತಾಡುವುದನ್ನು ಕಷ್ಟಪಟ್ಟು ಕಲಿತವಳು ಅವಳು. ಮೊದಲ ವರ್ಷಗಳಲ್ಲಿ ಅಂಗಡಿಯಲ್ಲಿ ಹಾಲು ಕೇಳಿದರೂ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆಗ ವೆಂಡೆಲನೇ, "ಸ್ವಲ್ಪ ನಮ್ಮ ಥರ ಮಾತಾಡೋದು ಕಲಿ ಮಾರಾಯ್ತಿ, ಜನ ನನ್ನನ್ನ ಆಡ್ಕೊಳ್ತಾರೆ," ಅಂದಿದ್ದ. ಈಗ ಅದೇ ಗಂಡ ಆ ಹಳೇ ರಾಗವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಶಾಸನಸಭೆಯವರಿಗೆ ಕೇಳಿಸಲೆಂದು ರಾಜಧಾನಿಗೆ ಒಯ್ಯಲು ಹೊರಟಿದ್ದಾನೆ.

"ಬೇಕನ್ ಸೀದೋಯ್ತು," ಎಂದ ಅವನು.

ಆ ಅಂಕಿ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಹೋದ ವಸಂತದಲ್ಲಿ, ಬಂದೂಕು ಕ್ಲಬ್ಬಿನವರು ಅಗ್ನಿಶಾಮಕ ಠಾಣೆಯಲ್ಲಿ ಇಟ್ಟುಕೊಂಡಿದ್ದ ಪ್ಯಾನ್‌ಕೇಕ್ ಉಪಾಹಾರದ ದಿನ. ವೆಂಡೆಲ್ ಆ ಕ್ಲಬ್ಬಿನ ಕಾರ್ಯದರ್ಶಿ. ಬಾಗಿಲಲ್ಲೇ ಒಂದು ಹೊಸ ರೈಫಲ್ಲಿಗೆ ಲಾಟರಿ ಚೀಟಿ ಮಾರುತ್ತಿದ್ದ. ಅವಳು ಮೇಜು ಒರೆಸುತ್ತಾ ಸಿರಪ್ ಬಾಟಲಿ ಎತ್ತಿದರೆ ಕೆಳಗೆ ಅಂಟಂಟಾಗಿ ಕರಪತ್ರ, ಅದರ ಮೇಲೆ ತನ್ನೂರಿನ ಹೆಸರು. ಕುರಾಬಿನ್ ಅನ್ನುವ ಹೆಸರನ್ನು ಇಡೀ ಅಮೆರಿಕದಲ್ಲಿ ತನ್ನ ಗಂಡನ ಬಾಯಿಯಲ್ಲಲ್ಲದೆ ಬೇರೆಲ್ಲೂ ಅವಳು ಕೇಳಿರಲಿಲ್ಲ. ಒಂದು ಗಳಿಗೆ ಎದೆ ಹಿಗ್ಗಿತು, ಅದೇ ಆಮೇಲೆ ನೆನೆದಾಗೆಲ್ಲ ಅವಳಿಗೆ ಹೇಸಿಗೆ ತರುವ ಸಂಗತಿ. ಊರ ಹೆಸರು ಕಂಡು ಮೊದಲು ಖುಷಿಯಾಯಿತು, ಆಮೇಲೆ ಕೆಳಗಿನ ಸಾಲು ಓದಿದಳು. ಮುನ್ನೂರು ಪರ್ಸೆಂಟ್ ಎಂದರೆ ಒಂದು ಇದ್ದದ್ದು ನಾಲ್ಕಾಗುವುದು. ಆ ಒಂದು ಯಾರೆಂದು ಅವಳಿಗೆ ಗೊತ್ತಿತ್ತು: ಹೆದ್ದಾರಿ ಬದಿಯ ಪಬ್ಬಿನಲ್ಲಿ ಕುಡಿದು ಜಗಳ ತೆಗೆದು ಗುಂಡು ತಿಂದ, ಕುರಿ ಉಣ್ಣೆ ಕತ್ತರಿಸುವ ಒಬ್ಬ ಆಳು. ಮಾರನೆಯ ವರ್ಷದ ನಾಲ್ಕು ಯಾರೆಂದೂ ಗೊತ್ತಿತ್ತು. ಅವಳ ತಂಗಿ ಗ್ಲೆನಿಸ್. ಗ್ಲೆನಿಸಳ ಮಗಳು ಜೋಡಿ. ಮಗ ಡೀನ್. ನಾಲ್ಕನೆಯವನು ಕೆವ್, ಗ್ಲೆನಿಸಳ ಗಂಡ, ಮೂವರನ್ನೂ ಹೊಡೆದು ಆಮೇಲೆ ಜಗುಲಿಗೆ ಬಂದು ಬೂಟು ಬಿಚ್ಚಿಟ್ಟು ತನಗೇ ಹೊಡೆದುಕೊಂಡವನು. ಆ ವರ್ಷ ಆ ಜಿಲ್ಲೆಯಲ್ಲಿ ಬಂದೂಕಿನಿಂದ ಸತ್ತವರು ಆ ಒಂದು ಮನೆಯವರು ಬಿಟ್ಟರೆ ಇನ್ನೊಬ್ಬರಿಲ್ಲ.

ಮನೆಗೆ ಬಂದು ಗಂಡನಿಗೆ ತೋರಿಸಿದಳು. "ಇದು ಗ್ಲೆನಿಸ್ ಮನೆ ಲೆಕ್ಕ ಕಣೋ, ವೆಂಡೆಲ್."

"ಗೊತ್ತು, ಚಿನ್ನ. ನಾನೇ ತಾನೆ ಅವ್ರಿಗೆ ಕೊಟ್ಟಿದ್ದು," ಎಂದ ಅವನು, ಬೂಟಿನ ದಾರ ಬಿಚ್ಚುತ್ತಾ. ದನಿಯಲ್ಲಿ ಕೆಡುಕಿರಲಿಲ್ಲ. "ಅಂಕಿ ಸುಳ್ಳಲ್ವಲ್ಲ?"

"ಕೆವ್‌ನ ಯಾರೂ ಕೊಲ್ಲಲಿಲ್ಲ. ಅವನೇ ಹೊಡ್ಕೊಂಡಿದ್ದು. ಕೊಂದವನನ್ನೂ ತಂದು ಸತ್ತೋರ ಸಾಲಲ್ಲಿ ಕೂರಿಸ್ತೀರಲ್ಲ."

"ನಿಮ್ಮೂರ ಪತ್ರಿಕೇಲೇ ನಾಲ್ಕು ಅಂತ ಬಂದಿತ್ತು. ನಾನೇನು ಸೇರಿಸ್ಲಿಲ್ಲಪ್ಪ."

ಇದೇ ವೆಂಡೆಲ್ ಎರಡು ವಿಮಾನ ಬದಲಿಸಿ ಅವಳ ಜೊತೆ ಮಣ್ಣಿಗೆ ಬಂದಿದ್ದ. ಡೀನನ ಪೆಟ್ಟಿಗೆಗೆ ಹೆಗಲು ಕೊಟ್ಟು, ಹೆಗಲಿಗೆ ಭಾರವೇ ಆಗಲಿಲ್ಲವೆಂದು ಹಿಂದೆ ಹೋಗಿ ನೀರಿನ ತೊಟ್ಟಿಯ ಬಳಿ ನಿಂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಆ ಅಳು ಸುಳ್ಳಲ್ಲ. ಒಂದೇ ಮನುಷ್ಯನೊಳಗೆ ಆ ಅಳು, ಈ ಕರಪತ್ರ ಎರಡೂ ಒಂದನ್ನೊಂದು ತಾಕದೆ ಹೇಗೆ ಇವೆ ಎಂದು ಅವಳು ಎಷ್ಟೋ ದಿನ ಯೋಚಿಸಿದ್ದಳು. ಯೋಚಿಸುತ್ತಾ ಯೋಚಿಸುತ್ತಾ, ತನ್ನೊಳಗೂ ಹಾಗೇ ಎರಡು ಇವೆಯಲ್ಲ ಅನ್ನುವ ಜಾಗಕ್ಕೆ ಬಂದು ತಟಕ್ಕನೆ ನಿಲ್ಲಿಸಿಬಿಡುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಟೆಲಿಫೋನು ಇತ್ತು.

ತಿಂಡಿ ಮುಗಿಸಿ ಹೊರಟ ಪಿಕಪ್ ಗಾಡಿ ಹೆದ್ದಾರಿಗೆ ಹತ್ತಿತು. ರಸ್ತೆಗೆ ಉಪ್ಪು ಚೆಲ್ಲಿದ್ದರು, ಗಾಜಿನ ಮೇಲೆ ಬಿಳಿ ಕೊಳೆ ಕಟ್ಟುತ್ತಿತ್ತು. ಎರಡೂ ಕಡೆ ಕೊಯ್ದ ಜೋಳದ ಕೂಳೆ, ಹೆಪ್ಪುಗಟ್ಟಿದ ನೆಲ. ವೆಂಡೆಲ್ ಒಂದು ಕೈ ಅವಳ ಮೊಣಕಾಲಿನ ಮೇಲಿಟ್ಟು ಮಸೂದೆಯ ವಿಚಾರ ಹೇಳುತ್ತಿದ್ದ. ಗಂಡನಿಂದ ಜೀವಭಯವಿದೆ ಎಂದು ಹೆಂಡತಿ ದೂರು ಕೊಟ್ಟರೆ ಸಾಕು, ಶೆರಿಫ್ ಬಂದು ಮನೆಯ ಬಂದೂಕನ್ನೆಲ್ಲ ಕೆಲವು ವಾರ ಒಯ್ದು ಇಟ್ಟುಕೊಳ್ಳಬೇಕು, ಇದು ಮಸೂದೆ. "ಹೆಂಗಸು ಬೆಳಿಗ್ಗೆ ಮುನಿಸ್ಕೊಂಡ್ರೆ ಮಧ್ಯಾಹ್ನಕ್ಕೆ ನನ್ನಪ್ಪನ ಬಂದೂಕು ಜೈಲಿಗೆ!" ಎಂದು ನಕ್ಕ. "ಸಮಿತೀಲಿ ಒಂದೇ ಒಂದು ಓಟು ಆಚೆ ಈಚೆ. ಆ ಓಲ್ಮ್‌ಸ್ಟೆಡ್ ಮುದುಕ ಇನ್ನೂ ಮನಸ್ಸು ಮಾಡಿಲ್ವಂತೆ. ಅವನನ್ನ ನೋಡ್ಕೊಂಡು ಹೇಳು."

ಅವಳು ಹೂಂಗುಟ್ಟಿದಳು. ಅವಳ ಮನಸ್ಸು ಬೇರೊಂದು ಮಾತನ್ನು ಹೊಸೆಯುತ್ತಿತ್ತು. ನಾಲ್ಕಲ್ಲ, ಮೂರು. ಇಷ್ಟೇ. ದೊಡ್ಡ ಮಾತೇನಲ್ಲ. ಕಾನೂನಿನ ಪರ ಅಲ್ಲ, ವಿರೋಧ ಅಲ್ಲ. ಕೆವ್‌ನನ್ನು ಆ ಮೂವರ ಪಕ್ಕದಿಂದ ಎಬ್ಬಿಸಿ ಆಚೆ ಕಳಿಸಿದರೆ ಸಾಕು. ಸತ್ತ ಮೇಲೂ ಗ್ಲೆನಿಸ್ ಅವನ ಜೊತೆ ಒಂದೇ ಅಂಕಿಯೊಳಗೆ ಬಾಳ್ವೆ ಮಾಡುವುದು ಬೇಡ. ಆದರೆ ಒಂದು ದಾರ ಎಳೆದರೆ ಎಷ್ಟು ಬಿಚ್ಚಿಕೊಳ್ಳುತ್ತದೋ ಯಾರಿಗೆ ಗೊತ್ತು.

ಆ ಟೆಲಿಫೋನು ಬಂದದ್ದು ಗ್ಲೆನಿಸ್ ಸಾಯುವ ಹಿಂದಿನ ವರ್ಷ, ಒಂದು ಭಾನುವಾರ. ಚರ್ಚಿನಿಂದ ಬಂದ ನಾಲ್ಕಾರು ಜನ ಊಟಕ್ಕೆ ಕೂತಿದ್ದರು. ಅವಳು ಗ್ರೇವಿ ಕಲಕುತ್ತಿದ್ದಾಗ ಫೋನು ಬಂತು. ಕುರಾಬಿನ್‌ನಲ್ಲಿ ಆಗ ಸೋಮವಾರ ನಸುಕು. ಗ್ಲೆನಿಸ್ ಪಿಸುಗುಟ್ಟುತ್ತಿದ್ದಳು. "ಬೆರಿ, ಕೆವ್ ಒಂದನ್ನ ಇಟ್ಕೊಂಡಿದಾನೆ ಕಣೇ. ಹಳೇದೆಲ್ಲ ಸರ್ಕಾರಕ್ಕೆ ಕೊಟ್ಟು ದುಡ್ಡು ತಗೊಂಡ, ಒಂದನ್ನ ಕುರಿ ಕೊಟ್ಟಿಗೆ ಹಲಗೆ ಕೆಳಗೆ ಇಟ್ಟಿದಾನೆ. ನಿನ್ನೆ ತೆಗೆದು ಎಣ್ಣೆ ಹಾಕ್ತಾ ನನ್ನೇ ನೋಡ್ತಿದ್ದ. ಮಾತಿಲ್ಲ ಕತೆಯಿಲ್ಲ, ನೋಡ್ತಾನೇ ಇದ್ದ. ಕೊಡೋ ಗಡುವು ಈ ವಾರ ಮುಗಿಯುತ್ತೆ. ಸಾರ್ಜೆಂಟ್‌ಗೆ ಹೇಳ್ಬಿಡ್ಲಾ? ನಂಗೆ ಭಯ ಆಗ್ತಿದೆ." ಗ್ರೇವಿ ಉಕ್ಕಿಬರುತ್ತಿತ್ತು. "ಏನಂತೆ?" ಎಂದು ಮೇಜಿನಿಂದ ವೆಂಡೆಲ್ ಕೂಗಿದ. ಬೆರಿಲ್ ಫೋನಿಗೆ ಕೈ ಮುಚ್ಚದೆಯೇ, "ಕೆವ್ ಒಂದು ಬಂದೂಕು ಬಚ್ಚಿಟ್ಕೊಂಡಿದಾನಂತೆ, ಇವಳು ಪೊಲೀಸಿಗೆ ಹೇಳ್ಲಾ ಅಂತಾಳೆ," ಅಂದಳು. ವೆಂಡೆಲ್ ಮೇಜು ಗುದ್ದಿದ. "ಭೇಷ್! ಆ ದೇಶದಲ್ಲಿ ಒಬ್ಬ ಗಂಡಸಾದ್ರೂ ಉಳಿದಿದಾನಲ್ಲಪ್ಪ!" ಊಟಕ್ಕೆ ಕೂತವರೆಲ್ಲ ಹೋ ಎಂದು ನಕ್ಕರು. ಆ ನಗೆಯಲ್ಲಿ ಬೆರಿಲ್ ಕೂಡ ಸೇರಿಕೊಂಡಳು. ಏಕೆ ನಕ್ಕಳು? ಎಲ್ಲರೂ ನಗುತ್ತಿದ್ದರು. ಅಷ್ಟು ವರ್ಷಕ್ಕೆ ತನ್ನ ಮನೆಯ ಮಾತಿಗೆ ಈ ಜನ, ತನ್ನನ್ನು ಆಡಿಕೊಳ್ಳದೆ, ತನ್ನ ಜೊತೆ ನಕ್ಕಿದ್ದರು. "ಗಂಡನ್ನ ಪೊಲೀಸಿಗೆ ಹಿಡ್ಕೊಡ್ತಾರೇನೇ? ಸುಮ್ನಿರು," ಅಂದಳು ನಗೆಯ ನಡುವೆಯೇ. ಆ ಕಡೆ ಒಂದು ಉಸಿರು. "ಸರಿ ಬಿಡು," ಎಂದಳು ಗ್ಲೆನಿಸ್. ನಿಮ್ಮ ಊಟ ಆರುತ್ತೆ, ಇಟ್ಟುಬಿಡು ಎಂದೂ ಅಂದಳು. ಆ ಊಟಕ್ಕೆ ಬಂದಿದ್ದವರಲ್ಲಿ ಯಾರಿಗೂ ಆಮೇಲೆ ಆ ಮಾತು ನೆನಪಿರಲಿಲ್ಲ. ನೆನಪಿದ್ದವರು ಇಬ್ಬರೇ. ಆ ಇಬ್ಬರೂ ಅಂದಿನಿಂದ ಒಂದೇ ಹಾಸಿಗೆಯಲ್ಲಿ ಮಲಗಿ, ಅದರ ಬಗ್ಗೆ ಒಂದು ದಿನಕ್ಕೂ ಬಾಯಿ ಬಿಟ್ಟಿರಲಿಲ್ಲ.

ಶಾಸನಸಭೆಯ ಮೊಗಸಾಲೆಯಲ್ಲಿ ಜಾತ್ರೆಯಂಥ ಗಲಾಟೆ. ಒಂದು ಕಡೆ ಕಿತ್ತಳೆ ಬಣ್ಣದ ಚೀಟಿ ಎದೆಗೆ ಅಂಟಿಸಿಕೊಂಡ ಗಂಡಸರು, ಇನ್ನೊಂದು ಕಡೆ ಮಸೂದೆ ಬೇಕೆನ್ನುವ ನೀಲಿ ಚೀಟಿಯವರು. ಬಾಗಿಲಲ್ಲಿ ಸಣ್ಣ ಕಾರ್ಡು ಕೊಟ್ಟು ಪರವೋ ವಿರೋಧವೋ ಎಂದು ಗೆರೆ ಹಾಕಿಸುತ್ತಿದ್ದರು. ವೆಂಡೆಲ್ ಬೆರಿಲಳ ಕಾರ್ಡಿಗೂ ತಾನೇ ಗೆರೆ ಹಾಕಿದ, ಅವಳ ಎದೆಗೂ ಒಂದು ಕಿತ್ತಳೆ ಚೀಟಿ ಅಂಟಿಸಿದ. ನೀಲಿ ಚೀಟಿಯ ಕಾಲೇಜು ಹುಡುಗನೊಬ್ಬ ಕಂಬಕ್ಕೆ ಒರಗಿದ್ದವರಿಗೆ ಜಪಾನಿನ ಲೆಕ್ಕ ಹೇಳುತ್ತಿದ್ದ: ಅಷ್ಟು ಕೋಟಿ ಜನ, ವರ್ಷಕ್ಕೆ ಬಂದೂಕಿನಿಂದ ಸಾಯುವವರು ಬೆರಳೆಣಿಕೆ.

"ಅಲ್ಲಿ ಹಗ್ಗ ಹಾಕ್ಕೊಂಡು ಸಾಯ್ತಾರೆ, ಅದನ್ನೂ ಎಣ್ಸಪ್ಪ," ಎಂದ ಒಬ್ಬ ಕಿತ್ತಳೆ.

"ಹಗ್ಗ ಪಕ್ಕದ ಮನೆಯವನಿಗೆ ತಾಗಲ್ಲ ತಾತ."

"ಸ್ವಿಟ್ಜರ್ಲೆಂಡಲ್ಲಿ ಮನೆಮನೆಗೂ ರೈಫಲ್ಲಿದೆ. ಅದ್ಯಾಕೆ ಹೇಳಲ್ಲ ನೀನು?"

"ಹಂಗಾದ್ರೆ ಅಲ್ಲಿಗೇ ಹೋಗಿ!"

"ನಾನ್ಯಾಕೆ ಹೋಗ್ಲಿ? ಆಸ್ಟ್ರೇಲಿಯಾನೇ ಇಲ್ಲಿಗೆ ಬಂದಿದೆ ನೋಡು," ಎಂದು ಅವನು ಬೆರಿಲಳನ್ನು ತೋರಿಸಿದ. ಅವನೂ ವೆಂಡೆಲನ ಕ್ಲಬ್ಬಿನವನೇ. "ಬನ್ನಿ ಅಮ್ಮ, ಒಂದ್ಸಲ ನಿಮ್ಮ ಭಾಷೇಲಿ ನಮಸ್ಕಾರ ಹೇಳಿ ಇವನಿಗೆ." ಬೆರಿಲ್ ಹೇಳಿದಳು, ಅವರಿಗೆ ಬೇಕಾದ ಹಾಗೆ, ಮೂಗು ಬಿಟ್ಟು ಬಾಯಿ ಅಗಲಿಸಿ. ನಕ್ಕರು. ಕೋತಿ ಆಡಿಸುವವನ ಹಾಗೆ ವೆಂಡೆಲ್ ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದ.

ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬೆರಿಲಳದ್ದೇ ವಯಸ್ಸು. ಮಡಿಲಲ್ಲಿ ಮಗಳ ಪಟ. ಅವಳು ರಮೋನಾ ಪ್ರೂಯಿಟ್, ಮಸೂದೆ ಬೇಕೆಂದು ಊರೂರು ಅಲೆದವಳು. ಅಳಿಯ ಮಗಳನ್ನು ಕೊಂದ ಕತೆ ಪತ್ರಿಕೆಗಳಲ್ಲಿ ಬಂದಿತ್ತು. ರಮೋನಾ ತಲೆಯೆತ್ತಿ ಬೆರಿಲಳ ಎದೆಯ ಕಿತ್ತಳೆ ಚೀಟಿ ನೋಡಿದಳು, ಆಮೇಲೆ ಮುಖ ನೋಡಿದಳು, ಆಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು. ಬೆರಿಲ್ ಕೂರಲಿಲ್ಲ. ಕೂತಿದ್ದರೆ ಎಲ್ಲ ಬೇರೆಯಾಗುತ್ತಿತ್ತೋ ಏನೋ. ಕಾಲಿಗೆ ಕೂರುವ ಆಸೆ ಇತ್ತು. ಆದರೆ ವೆಂಡೆಲ್ ಮೊಣಕೈ ಹಿಡಿದಿದ್ದ, ಹಿಡಿದ ಬೆರಳು ಬಿಗಿಯಾಗಿಯೂ ಇರಲಿಲ್ಲ.

ಸಮಿತಿಯ ಕೋಣೆ ಅಷ್ಟು ದೊಡ್ಡದಲ್ಲ. ಎತ್ತರದ ಮೇಜಿನ ಹಿಂದೆ ಸೆನೆಟರುಗಳು, ಒಬ್ಬ ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ಇನ್ನೊಬ್ಬ ಎದ್ದು ಹೋಗಿ ಬರುತ್ತಿದ್ದ. ಮಾತಾಡುವವರ ಮುಂದೆ ಮೂರು ಪುಟ್ಟ ದೀಪ. ಹಸಿರು ಇರುವ ತನಕ ಹೇಳಬೇಕು, ಹಳದಿ ಬಂದರೆ ಮುಗಿಸಬೇಕು, ಕೆಂಪು ಬಂದರೆ ಸತ್ತ ಮಗಳ ಕತೆಯಾದರೂ ಅಲ್ಲಿಗೇ ನಿಲ್ಲಬೇಕು. ರಮೋನಾಳದ್ದು ಹಾಗೇ ನಿಂತಿತು. ಮಗಳು ಅಡುಗೆಮನೆಯಿಂದ ಓಡಿ ಬಾಗಿಲ ಚಿಲಕ ಹಿಡಿದಿದ್ದಳು ಅನ್ನುವಲ್ಲಿ ಕೆಂಪು ಬಂತು. "ಥ್ಯಾಂಕ್ಸ್ ಮೇಡಂ, ಸಮಯವಾಯ್ತು," ಎಂದರು ಅಧ್ಯಕ್ಷರು ಮೆತ್ತಗೆ. ರಮೋನಾ ಚಿಲಕ ಹಿಡಿದ ಮಗಳನ್ನು ಅಲ್ಲೇ ಬಿಟ್ಟು ಎದ್ದಳು.

ಆಮೇಲೆ ಬೆರಿಲ್ ಕ್ರಾಸ್ ಎಂದು ಹೆಸರು ಕರೆದರು. ಹಸಿರು ಹತ್ತಿತು. ಕುರಾಬಿನ್ ಎಂದಳು, ಬಂದೂಕು ವಾಪಸು ತೆಗೆದುಕೊಂಡರು ಎಂದಳು. ಮುನ್ನೂರು ಬರುವ ಹತ್ತಿರ, ವೆಂಡೆಲ್ ಹೇಳಿಕೊಟ್ಟ ಹಾಗೆ, ಒಂಚೂರು ನಿಂತಳು. ನಿಂತ ಆ ಸಂದಿನಲ್ಲಿ ಸ್ಯಾಂಡ್‌ವಿಚ್ಚಿನವನು ಕೂಡ ತಲೆಯೆತ್ತಿದ.

"ಮುನ್ನೂರು ಅಂತ ಕರಪತ್ರದಲ್ಲಿ ಹಾಕಿದಾರೆ," ಎಂದಳು. "ಅದು ತಪ್ಪು. ಒಂದು ಇದ್ದಿದ್ದು ಮೂರಾಯ್ತು, ನಾಲ್ಕಲ್ಲ. ನಾಲ್ಕನೆಯವನು ಕೊಂದವನು. ಅವನನ್ನ ಎಣಿಸ್ಬೇಡಿ. ಆ ಮೂರು ಜನ ನನ್ನ ತಂಗಿ, ಅವಳ ಮಗಳು, ಅವಳ ಮಗ. ಗ್ಲೆನಿಸ್, ಜೋಡಿ, ಡೀನ್."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅದು ವೆಂಡೆಲನದ್ದೆಂದು ತಿರುಗದೆಯೇ ಗೊತ್ತಾಯಿತು. ಎದೆಯಲ್ಲಿ ಒಂದು ಬಾಗಿಲು ತೆರೆದು ಗಾಳಿ ಬಂದ ಹಾಗಾಯಿತು ಅವಳಿಗೆ. ಹೇಳಿಬಿಟ್ಟೆ. ಇಷ್ಟು ಸುಲಭವೇ! ನೀಲಿ ಚೀಟಿಯವರ ಕಡೆ ಗುಜುಗುಜು ಎದ್ದಿತು. ಮೇಜಿನ ಎಡತುದಿಯ ಸೆನೆಟರ್ ಒಬ್ಬಳು, ಮಸೂದೆಯ ಪರ ಇದ್ದವಳು, ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದಳು.

"ಮಿಸೆಸ್ ಕ್ರಾಸ್, ನಿಮ್ಮ ದುಃಖ ಕೇಳಿ ನನಗೂ ಸಂಕಟವಾಯ್ತು. ಅಂದ್ರೆ ಇಡೀ ಜಿಲ್ಲೆಯ ಏರಿಕೆ ಅನ್ನೋದು ಒಂದೇ ಮನೆಯ ಕತೆ?"

"ಹೌದು."

"ಮೂರು ಅಂದ್ರೆ ಮುನ್ನೂರಲ್ಲ, ಇನ್ನೂರು ಪರ್ಸೆಂಟ್," ಎಂದ ಸ್ಯಾಂಡ್‌ವಿಚ್ಚಿನವನು, ಯಾರಿಗೆಂದಿಲ್ಲದೆ. ಒಬ್ಬಿಬ್ಬರು ನಕ್ಕರು.

"ಆ ಬಂದೂಕು ಎಲ್ಲಿಂದ ಬಂತು ಮೇಡಂ? ಸರ್ಕಾರ ತಗೊಂಡಿತ್ತಲ್ಲ?"

"ಒಂದನ್ನ ಬಚ್ಚಿಟ್ಟಿದ್ದ."

"ನೋಡಿ, ಕಾನೂನಿಗೆ ಅಂಜೋನು ಕೊಟ್ಟ, ಅಂಜದೋನು ಇಟ್ಕೊಂಡ," ಎಂದು ಕಿತ್ತಳೆಯ ಕಡೆಯಿಂದ ಒಂದು ದನಿ. ಅಧ್ಯಕ್ಷರು ಸುತ್ತಿಗೆ ತಟ್ಟಿದರು. ಆಗ ಇಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದ ಮುದುಕ ಓಲ್ಮ್‌ಸ್ಟೆಡ್ ಕಣ್ಣು ಬಿಟ್ಟ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ನಂಗೆ ಪರ್ಸೆಂಟ್ ಗಿರ್ಸೆಂಟ್ ಅರ್ಥ ಆಗಲ್ಲಮ್ಮ. ಆಸ್ಟ್ರೇಲಿಯಾ ಎಲ್ಲಿದೆ ಅನ್ನೋದೂ ಸರಿಯಾಗಿ ಗೊತ್ತಿಲ್ಲ. ನಂಗೆ ಒಂದೇ ಗೊತ್ತಾಗ್ಬೇಕು. ಈ ಕಾನೂನು ಹೇಳೋದು, ಭಯ ಆದ ಹೆಂಗಸು ಬಾಯಿ ಬಿಟ್ಟು ಹೇಳಿದ್ರೆ ಬಂದೂಕು ತೆಗೀಬೇಕು ಅಂತ. ನಿಮ್ಮ ತಂಗಿ ಹೇಳಿದ್ಲಾ? ಅವನ ಹತ್ರ ಬಂದೂಕಿದೆ, ಭಯ ಆಗ್ತಿದೆ ಅಂತ ಯಾರಿಗಾದ್ರೂ, ಯಾವ ನರಪಿಳ್ಳೆಗಾದ್ರೂ ಹೇಳಿದ್ಲಾ?"

ದೀಪ ಹಸಿರಾಗಿಯೇ ಇತ್ತು. ಪ್ರಶ್ನೆಗೆ ಉತ್ತರಿಸುವಾಗ ದೀಪ ಓಡುವುದಿಲ್ಲವೆಂದು ಆಗ ಅವಳಿಗೆ ಹೊಳೆಯಿತು. ಎಷ್ಟು ಹೊತ್ತು ಬೇಕಾದರೂ ಇದೆ. ಯಾರೂ ಅವಸರ ಮಾಡಲಿಲ್ಲ. ಮುದುಕನ ಕಣ್ಣು ತಿಳಿನೀರಿನ ಹಾಗಿತ್ತು, ಅದರಲ್ಲಿ ಉಪಾಯವಿರಲಿಲ್ಲ. ಹೇಳಿದ್ದಳು ಎಂದರೆ ಮುಂದಿನ ಪ್ರಶ್ನೆ ಒಂದೇ: ಯಾರಿಗೆ? ಅದಕ್ಕೂ ಉತ್ತರ ಹೇಳಿದರೆ, ಅದರ ಮುಂದಿನದು: ಅವರೇನು ಮಾಡಿದರು? ಊಟದ ಮೇಜು ಕಂಡಿತು, ಗ್ರೇವಿ ಕಂಡಿತು, ತನ್ನದೇ ನಗೆ ಆ ಕೋಣೆಯ ಧ್ವನಿವರ್ಧಕದಲ್ಲಿ ಕೇಳಿಸಿದ ಹಾಗಾಯಿತು. ರಮೋನಾ ಪ್ರೂಯಿಟ್ ಮಗಳ ಪಟ ಎದೆಗೊತ್ತಿಕೊಂಡು ಇವಳ ತುಟಿಯನ್ನೇ ನೋಡುತ್ತಿದ್ದಳು. ಬೆರಿಲ್ ತಿರುಗಿದಳು. ವೆಂಡೆಲ್ ಬೆದರಿಸಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ಅವನ ಮುಖ ಬಿಳಿಚಿ ಹೋಗಿತ್ತು, ತುಟಿ ಒಣಗಿತ್ತು. ನೀರಿನ ತೊಟ್ಟಿಯ ಬಳಿ ಅತ್ತಾಗಿನ ಮುಖ ಅದು. ಈ ಲೋಕದಲ್ಲಿ ಅವನೊಬ್ಬನೇ ಅವಳ ಪಾಲುದಾರ. ಅವನನ್ನು ಬೀಳಿಸಿದರೆ ತಾನೊಬ್ಬಳೇ ಉಳಿಯುತ್ತೇನೆ, ಗ್ಲೆನಿಸಳ ಜೊತೆ.

"ಇಲ್ಲ," ಎಂದಳು ಬೆರಿಲ್. "ಯಾರಿಗೂ ಹೇಳಿರ್ಲಿಲ್ಲ."

"ಯಾರಿಗೂ?"

"ಅವಳು ಹೇಳ್ಕೊಳ್ಳೋ ಪೈಕಿ ಅಲ್ಲ. ಒಳಗೇ ಇಟ್ಕೊಳ್ತಿದ್ಲು. ಮೊದಲಿಂದ್ಲೂ ಹಾಗೇ." ಯಾರೂ ಕೇಳದ ಮಾತುಗಳು ತಾವಾಗಿಯೇ ಬಂದವು, ಒಂದರ ಹಿಂದೆ ಒಂದು, ಚೆನ್ನಾಗಿ ನಡೆಯಲು ಕಲಿತ ಮಕ್ಕಳ ಹಾಗೆ. ಚಿಕ್ಕಂದಿನಿಂದ ಎಲ್ಲವನ್ನೂ ಅಕ್ಕನ ಕಿವಿಯಲ್ಲಿ ಹೇಳದೆ ನಿದ್ದೆ ಮಾಡದ ಗ್ಲೆನಿಸ್, ಕಾಲಿಗೆ ಮುಳ್ಳು ಚುಚ್ಚಿದರೂ ಊರಿಗೆಲ್ಲ ಕೂಗಿ ಹೇಳುತ್ತಿದ್ದ ಗ್ಲೆನಿಸ್, ಆ ಎತ್ತರದ ಮೇಜಿನ ಮುಂದೆ ಮೂಗಿಯಾದಳು.

ಓಲ್ಮ್‌ಸ್ಟೆಡ್ ಉಸಿರು ಬಿಟ್ಟ. "ಹೇಳದೇ ಇದ್ದೋಳನ್ನ ಯಾವ ಕಾನೂನು ತಾನೆ ಕಾಯುತ್ತೆ ಅಮ್ಮ," ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೆಸರು ಕೂಗಿ ಓಟು ಕೇಳಿದರು. ಅವನ ಹೆಸರು ಬಂದಾಗ ಅವನು ಬೆರಿಲಳ ಕಡೆ ಒಮ್ಮೆ ನೋಡಿ, ಬೇಡ ಎಂದ. ಮಸೂದೆ ಅಲ್ಲಿಗೇ ಬಿತ್ತು.

ಕಿತ್ತಳೆಯವರು ಬೆನ್ನು ತಟ್ಟಿಕೊಳ್ಳುತ್ತಾ ಹೊರಗೆ ಹೋದರು. ಯಾರೂ ಬೆರಿಲಳಿಗೆ ಏನೂ ಅನ್ನಲಿಲ್ಲ. ದುಃಖದವಳೆಂದು ದಾರಿ ಬಿಟ್ಟರು, ಟೋಪಿ ತೆಗೆದರು. ಬಾಗಿಲ ಹತ್ತಿರ ರಮೋನಾ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಳು ಬೆರಿಲ್, ಬೈದರೆ ಒಳ್ಳೆಯದು ಅನ್ನಿಸಿತು. ರಮೋನಾ ಅವಳ ಎರಡೂ ಕೈ ಹಿಡಿದುಕೊಂಡಳು. ಕೈ ಬೆಚ್ಚಗಿದ್ದವು.

"ನನ್ನ ಮಗಳು ನಂಗೆ ಹೇಳಿದ್ಲು ಕಣ್ರೀ," ಎಂದಳು. "ನಾನು ಶೆರಿಫ್ ಹತ್ರ ಓಡ್ದೆ, ಜಡ್ಜ್ ಹತ್ರ ಓಡ್ದೆ. ಯಾರೂ ಅವನ ಬಂದೂಕು ತೆಗೀಲಿಲ್ಲ. ಓಡಿದ್ದಾದ್ರೂ ಇದೆಯಲ್ಲ ಅಂತ ರಾತ್ರಿ ಸಮಾಧಾನ ಮಾಡ್ಕೊಳ್ತೀನಿ. ನಿಮಗೆ ಅದೂ ಇಲ್ಲ. ಪಾಪ, ನಿಮಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿದ್ದಿದ್ರೆ ಬಿಡ್ತಿದ್ನಾ?" ಎಂದಳು ಬೆರಿಲ್, ಮತ್ತು ಅತ್ತಳು. ಆ ಅಳುವಿನಲ್ಲೂ ಸುಳ್ಳಿರಲಿಲ್ಲ. ರಮೋನಾ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಅಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹಾಗೆ ಹಿಡಿದುಕೊಂಡಿರಲಿಲ್ಲ, ಅವಳಿಗೆ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಪಿಕಪ್ಪಿನ ಒಳಗೆ ಚಳಿ ಕೊರೆಯುತ್ತಿತ್ತು. ವೆಂಡೆಲ್ ಎಂಜಿನ್ ಬಿಸಿಯಾಗಲೆಂದು ಬಿಟ್ಟು, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡ.

"ಇನ್ನೂರು ಅಂತಾನೇ ಹಾಕಿಸ್ತೀನಿ ಬಿಡು," ಎಂದ, ತಪ್ಪು ಒಪ್ಪಿಕೊಂಡ ಹುಡುಗನ ಹಾಗೆ. "ಇನ್ನೂರೂ ಚೆನ್ನಾಗೇ ಕೇಳಿಸುತ್ತೆ. ಬರೋ ತಿಂಗಳು ಪಕ್ಕದ ರಾಜ್ಯದಲ್ಲೂ ಇಂಥದ್ದೇ ಒಂದು ಮಸೂದೆ ಇದೆ, ಕ್ಲಬ್ಬಿನವರು ಈಗ ಕೇಳಿದ್ರು. ನಿಂಗೆ ಬೇಡ ಅಂದ್ರೆ ಬೇಡ ಅಂತ ಹೇಳ್ತೀನಿ."

ಬೆರಿಲ್ ತಲೆಯ ಮೇಲಿನ ಕನ್ನಡಿ ಇಳಿಸಿ ಕಣ್ಣಿನ ಕೆಳಗೆ ಹರಡಿದ್ದ ಕಾಡಿಗೆಯ ಕಪ್ಪನ್ನು ಬೆರಳಿನಿಂದ ಒರೆಸಿಕೊಂಡಳು. ಒಂದು ಕಡೆಯದು ಹೋಯಿತು, ಇನ್ನೊಂದು ಕಡೆಯದಕ್ಕೆ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು.

"ಅಲ್ಲಿ ಡೀನನ ವಯಸ್ಸೂ ಹೇಳ್ತೀನಿ," ಎಂದಳು. "ಇವತ್ತು ಮರೆತೆ."